ಸೋಮವಾರ ಬಂದ ಏಕಾದಶಿ

ನಮಗೆ ಲೆಕ್ಕ ಕಲಿಸುತ್ತಿದ್ದ ಅಕ್ಕೋರ ಎಡಗಣ್ಣಿನ ಹುಬ್ಬು ನಟ್ಟನಡುವೆ ತುಂಡಾಗಿತ್ತು. ಚಿಕ್ಕಂದಿನಲ್ಲಿ ಧಾರವಾಡದ ಮನೆಯ ಅಟ್ಟದ ಏಣಿಯಿಂದ ಬಿದ್ದಾಗ ಆದ ಗಾಯವಂತೆ; ಗಾಯ ಮಾಯ್ದರೂ ಅಲ್ಲಿ ಮತ್ತೆ ಕೂದಲು ಹುಟ್ಟಲಿಲ್ಲ. ನಮ್ಮ ಲೆಕ್ಕ ತಪ್ಪಿದಾಗ ಆ ಹುಬ್ಬಿನ ಹೊರಗಿನ ತುಂಡು ಮಾತ್ರ ಮೇಲೇರುತ್ತಿತ್ತು, ಒಳಗಿನದು ಇದ್ದಲ್ಲೇ ಇರುತ್ತಿತ್ತು. ಬೈಗುಳ ಬರುವ ಮೊದಲೇ ನಾವು ಪಾಟಿ ಒರೆಸಿಕೊಂಡು ಬಿಡುತ್ತಿದ್ದೆವು. ಬೈಗುಳ ಬಂದದ್ದೂ ಕಡಿಮೆಯೇ ಅನ್ನಿ.

ಪುಣೆಯ ಸದಾಶಿವ ಪೇಟೆಯ ಒಂದು ಬಾಡಿಗೆ ವಾಡೆಯಲ್ಲಿ, ನಡುವೆ ಅಂಗಳವಿರುವ ಹಳೆಯ ದೊಡ್ಡ ಮನೆಯಲ್ಲಿ, ಕನ್ನಡದ ಹುಡುಗಿಯರಿಗಾಗಿ ನಡೆಯುತ್ತಿದ್ದ ವಸತಿಗೃಹ ಅದು. ನಾವು ನಲವತ್ತು ಹುಡುಗಿಯರಿದ್ದೆವು. ನನ್ನ ತಂದೆ ಇಂದಾಪುರದ ಕಡೆ ಕಾಲುವೆ ಇಲಾಖೆಯಲ್ಲಿ ಗುಮಾಸ್ತರು. ಅಲ್ಲಿ ಹೆಣ್ಣುಮಕ್ಕಳಿಗೆ ಹೈಸ್ಕೂಲು ಎಲ್ಲಿಯದು? ಇನ್ನೊಬ್ಬಳ ತಂದೆ ಬಾರಾಮತಿಯಲ್ಲಿ ಪೋಸ್ಟ್ ಮಾಸ್ತರು, ಮತ್ತೊಬ್ಬಳ ಮನೆಯವರು ಬೆಳಗಾವಿಯ ಅರಿವೆ ವ್ಯಾಪಾರಿಗಳು. ಹೀಗೆ ಎಲ್ಲಿಂದಲೋ ಬಂದು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವು. ಅಕ್ಕೋರು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ನಮ್ಮನ್ನು ನೋಡಿಕೊಳ್ಳಲು ವಾಡೆಯ ಮುಂದಿನ ಕೋಣೆಯಲ್ಲೇ ಇರುತ್ತಿದ್ದರು. ಹಗಲು ಶಾಲೆಯಲ್ಲಿ ಮರಾಠಿಯಲ್ಲಿ ಕಲಿಸಿದ್ದನ್ನೇ ಸಂಜೆ ಅಂಗಳದಲ್ಲಿ ನಮಗೆ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಅದು ಅವರ ಕೆಲಸದ ಭಾಗವಲ್ಲ. ಯಾರೂ ಹೇಳಿರಲೂ ಇಲ್ಲ.

ಅವರು ಚಹಾ ಮಾಡಿದರೆ ಕುಡಿಯಲು ಆಗುತ್ತಿರಲಿಲ್ಲ. ದನಿ ಒರಟು; ಆರತಿ ಹಾಡುವಾಗ ನಮಗೆಲ್ಲ ನಗು ತಡೆಯುವುದೇ ದೊಡ್ಡ ಕೆಲಸ. ತರಕಾರಿ ಮಂಡಿಯಲ್ಲಿ ಧಾರವಾಡದ ರಾಗದಲ್ಲಿ ಮರಾಠಿ ಮಾತಾಡಿ ಬದನೆಕಾಯಿಯವಳನ್ನು ನಗಿಸಿ, ಆ ನಗುವಿನಲ್ಲೇ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದರು. ಸ್ನಾನಕ್ಕೆ ತಡ ಮಾಡುವವರನ್ನು ಕಂಡರೆ ಅವರಿಗೆ ಆಗದು. ಬಚ್ಚಲ ಬಾಗಿಲ ಹೊರಗೆ ನಿಂತು, "ಏನವಾ, ಒಳಗ ಗಂಗಾನದಿ ಹರಿಲಿಕ್ಕೆ ಹತ್ತೇದೇನು?" ಎಂದು ಕೂಗುತ್ತಿದ್ದರು.

ಗಣಿತದಲ್ಲಿ ಅವರಿಗೆ ಬಲು ಪ್ರೀತಿಯದೊಂದು ಬಗೆಯಿತ್ತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದುವಾಗ ಕಲಿತದ್ದಂತೆ. ಇಂಗ್ಲಿಷಿನಲ್ಲಿ ಅದಕ್ಕೆ ವೆನ್ ಚಿತ್ರ ಎಂದು ಹೆಸರು. ಅಕ್ಕೋರು ಅದನ್ನು ಬಳಿ ಲೆಕ್ಕ ಎಂದು ಕರೆದರು, ಏಕೆಂದರೆ ನಮ್ಮ ಕೈಯ ಬಳೆಗಳನ್ನೇ ಬಿಚ್ಚಿಸಿ ನೆಲದ ಮೇಲೆ ಒಂದರ ಮೇಲೊಂದು ಅರ್ಧ ಬರುವಂತೆ ಇಡುತ್ತಿದ್ದರು.

"ನಮ್ಮ ಓಣಿಯೊಳಗ ಹತ್ತು ಮನಿ ಅವ ಅನ್ರಿ. ಆರು ಮನಿಯೊಳಗ ಆಕಳ ಅದ. ಏಳು ಮನಿಯೊಳಗ ಬೆಕ್ಕು ಅದ. ಎರಡೂ ಇಲ್ಲದ ಮನಿ ಒಂದ. ಹಂಗಾರ ಎರಡೂ ಇರೂ ಮನಿ ಎಷ್ಟು?"

ಆರು ಮತ್ತು ಏಳು ಹದಿಮೂರಾಯಿತು, ಮನೆ ಮಾತ್ರ ಹತ್ತೇ. ನಾವು ಕಣ್ಣು ಕಣ್ಣು ಬಿಟ್ಟೆವು. ಅಕ್ಕೋರು ಒಂದು ಬಳೆಯನ್ನು ಆಕಳೆಂದರು, ಇನ್ನೊಂದನ್ನು ಬೆಕ್ಕೆಂದರು, ಎರಡೂ ಕೂಡುವ ಜಾಗದಲ್ಲಿ ಬೆರಳಿಟ್ಟರು. "ಇಲ್ಲಿ ಇರೂ ಮನೀನ ಆಕಳದಾಗೂ ಎಣಿಸಿದ್ರಿ, ಬೆಕ್ಕಿನಾಗೂ ಎಣಿಸಿದ್ರಿ. ಎರಡು ಸಲ. ಎರಡೂ ಇಲ್ಲದ ಮನಿ ತಗದ್ರ ಉಳಿದದ್ದು ಒಂಬತ್ತು. ಹದಿಮೂರರಾಗ ಒಂಬತ್ತು ಕಳೀರಿ."

"ನಾಲ್ಕು!"

"ಅಂದ್ರ ನಾಲ್ಕು ಮನಿಯೊಳಗ ಹಾಲು ಉಳಿಯೂದಿಲ್ಲರೀ" ಎಂದಳು ವಿಜಾಪುರದ ಹುಡುಗಿ. ಅಕ್ಕೋರು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅಂದೇ ಇರಬೇಕು. "ಕೂಡಿಸೂ ಮೊದಲ ಕೇಳ್ರೆವಾ, ಯಾರನ್ನರ ಎರಡು ಸಲ ಎಣಿಸೇವೇನು ಅಂತ" ಎಂಬುದು ಅವರ ಮಾತು. ಧೋಬಿಯ ಬಟ್ಟೆ ಎಣಿಸುವಾಗಲೂ ಅದೇ ಮಾತು, ಪರೀಕ್ಷೆಗೆ ಕಳಿಸುವಾಗಲೂ ಅದೇ.

ಇನ್ನು ನಮ್ಮ ಅಡಿಗೆಯವರ ಮಾತು ಹೇಳಬೇಕು. ಅವರನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಕಸಬಾ ಪೇಟೆಯಲ್ಲಿ ತಮ್ಮನ ಸಂಸಾರವಿತ್ತು. ಅವನಿಗೆ ಛಾಪಖಾನೆಯಲ್ಲಿ ಕೆಲಸ, ಇರಲು ಒಂದೇ ಖೋಲಿ, ಮನೆ ತುಂಬ ಮಕ್ಕಳು. ತಮ್ಮನ ಹೆಂಡತಿಗೆ ಇವರು ಹಬ್ಬಕ್ಕೆ ಬಂದು ಹೋದರೂ ಹೆಚ್ಚು. ಹೀಗಾಗಿ ನಮ್ಮ ಅಡಿಗೆ ಮನೆಯ ಪಕ್ಕದ ಮೂಲೆಯೇ ಅವರ ಮನೆ. ಅವರ ಜೋಳದ ಭಕ್ರಿ ಕೈಯಲ್ಲಿ ಹಿಡಿದರೆ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಉಪವಾಸದ ದಿನ ಫರಾಳಕ್ಕೆ ಅವರು ಮಾಡುವ ಸಾಬೂದಾಣಿ, ಅದೇ ಸಬ್ಬಕ್ಕಿಯ ಖಿಚಡಿ ಇತ್ತಲ್ಲ, ಅದರ ಸಲುವಾಗಿಯೇ ನಮ್ಮಲ್ಲಿ ಭಕ್ತಿ ಬೆಳೆಯಿತು. ಶೇಂಗಾದ ಪುಡಿ, ಹಸಿಮೆಣಸಿನಕಾಯಿ, ಮೇಲೆ ತುಪ್ಪ. ಲಿಂಗಾಯತರ ಹುಡುಗಿಯರು ಸೋಮವಾರ ಹಿಡಿಯುತ್ತಿದ್ದರು, ನಮ್ಮಂಥ ಕೆಲವರು ಏಕಾದಶಿ. ಕ್ರಮೇಣ ಗೆಳತಿಯರ ಜೊತೆ ಕೂತು ಅವರದನ್ನು ಇವರು, ಇವರದನ್ನು ಅವರು ಹಿಡಿಯತೊಡಗಿದರು. ದೇವರಿಗೆ ಬೇಡ ಅನ್ನಲು ಬರುತ್ತದೆಯೇ?

ಉಗ್ರಾಣದ ಕೀಲಿ ಕಾರ್ಯದರ್ಶಿಗಳ ಹತ್ತಿರ. ಅವರು ವಯಸ್ಸಾದ ವಕೀಲರು, ನಾವು ವಕೀಲ ಸಾಹೇಬರು ಎನ್ನುತ್ತಿದ್ದೆವು. ಕಟುವಾದ ಮನುಷ್ಯರಲ್ಲ. ನಾಲ್ಕೂರು ತಿರುಗಿ ದೇಣಿಗೆ ಎತ್ತಿ ತಂದ ಧಾನ್ಯ ಒಂದು ಹಿಡಿಯೂ ಪೋಲಾಗಬಾರದು ಎಂಬ ಕಾಳಜಿ ಅವರದು. ಹಿಂದಿನ ದಿನ ಸಂಜೆ ಬಂದು, ನಾಳೆ ಯಾವ ಉಪವಾಸ ಎಂದು ಕೇಳಿ, ಅದನ್ನು ಹಿಡಿಯುವವರಿಗೆ ಸಾಬೂದಾಣಿ, ಉಳಿದವರಿಗೆ ಹಿಟ್ಟು ಅಳೆದು ಕೊಟ್ಟು ಹೋಗುತ್ತಿದ್ದರು. ಸೋಮವಾರ ಹಿಡಿಯುವವರು ಹದಿನಾಲ್ಕು ಮಂದಿ, ಏಕಾದಶಿ ಹಿಡಿಯುವವರು ಹದಿನೇಳು ಎಂಬುದು ಅವರಿಗೆ ಬಾಯಿಪಾಠ. ಆ ವರ್ಷ ಅಲ್ಲಿಯತನಕ ಒಂದು ದಿನಕ್ಕೆ ಯಾವುದಾದರೂ ಒಂದೇ ಬಂದಿತ್ತು, ಲೆಕ್ಕ ಸರಿ ಹೋಗಿತ್ತು.

ಆ ಶ್ರಾವಣದಲ್ಲಿ ಏಕಾದಶಿ ಸೋಮವಾರವೇ ಬಂತು.

ವಕೀಲ ಸಾಹೇಬರು ಹದಿನಾಲ್ಕಕ್ಕೆ ಹದಿನೇಳು ಕೂಡಿಸಿದರು. ಮೂವತ್ತೊಂದು ಮಂದಿಗೆ ಸಾಬೂದಾಣಿ, ಉಳಿದ ಒಂಬತ್ತು ಮಂದಿಗೆ ಹಿಟ್ಟು ಕೊಟ್ಟು ಹೋದರು. ಕಾಕು ಸಂಜೆಯೇ ಸಾಬೂದಾಣಿಯನ್ನೆಲ್ಲ ನೆನೆಹಾಕಿದರು. ಮರುದಿನ ಮಧ್ಯಾಹ್ನ ಶಾಲೆಯ ಬಿಡುವಿಗೆ ನಾವು ಉಣ್ಣಲು ಬಂದಾಗ, ಭಕ್ರಿಯ ಪಂಕ್ತಿಗೆ ಪತ್ರಾವಳಿ ಹಾಕಿ ನೋಡಿದರೆ ಕೂತವರು ಹದಿನೆಂಟು! ಸಾಹೇಬರು ಕೋರ್ಟಿನಲ್ಲಿ, ಅಕ್ಕೋರು ಶಾಲೆಯಲ್ಲೇ ಉಳಿದಿದ್ದರು. ಕಾಕು ಎದುರು ಮನೆಯ ಮರಾಠಿ ಯಜಮಾನಿ ಬಾಯಿಯ ಹತ್ತಿರ ಓಡಿ ಹಿಟ್ಟು ಕಡ ತಂದು ಭಕ್ರಿ ಬಡಿದು ಹಾಕಿದರು. ಯಾರನ್ನೂ ಹಸಿದ ಹೊಟ್ಟೆಯಲ್ಲಿ ಎಬ್ಬಿಸಲಿಲ್ಲ.

ಸಂಜೆ ಆ ಹಿಟ್ಟು ಹಿಂದಿರುಗಿಸಲು ಸಾಹೇಬರನ್ನು ಕೇಳಿದಾಗ ಎಲ್ಲ ಬಿಚ್ಚಿಕೊಂಡಿತು. ಅಂಗಳದ ತೂಗುಮಣೆ ಝೋಕಾಲಿಯ ಮೇಲೆ ಕೂತು ಅವರು ಮೆಲ್ಲಗೇ ಕೇಳಿದರು. ಮೆಲ್ಲಗೆ ಕೇಳಿದ್ದಕ್ಕೇ ನಮಗೆ ಹೆದರಿಕೆಯಾಯಿತು.

"ಖಿಚಡಿಗೆ ಮೂವತ್ತೊಂದು ಪಾಲು ಕೊಟ್ಟೀನಿ. ಉಳದದ ಏನು?"

"ಇಲ್ಲರಿ."

"ಭಕ್ರಿ ಉಂಡವರು ಹದಿನೆಂಟು ಅಂತಿ. ಮೂವತ್ತೊಂದು, ಹದಿನೆಂಟು... ನಲವತ್ತೊಂಬತ್ತು. ಈ ವಾಡೇದಾಗ ಹುಡುಗ್ಯಾರು ನಲವತ್ತು. ಆ ಒಂಬತ್ತು ಹೊಟ್ಟಿ ಯಾರ್ವು?"

ಕಾಕು ಸೆರಗಿನ ಅಂಚು ತಿರುವುತ್ತ ನಿಂತರು. ಸಾಹೇಬರು ಕಸಬಾ ಪೇಟೆಯ ಹೆಸರು ಎತ್ತಲಿಲ್ಲ. ಆದರೆ ತಮ್ಮನಿಗೆ ಮಕ್ಕಳೆಷ್ಟು ಎಂದು ಕೇಳಿದರು. ಆಮೇಲೆ, "ಗುರುವಾರ ಹೊಸಾಕಿ ಬರ್ತಾಳ. ಅಲ್ಲೀತನಕ ಮಾಡು" ಎಂದು ಎದ್ದರು.

ಅಷ್ಟರಲ್ಲಿ ಅಕ್ಕೋರು ಛತ್ರಿ ಮಡಚುತ್ತ ಒಳಗೆ ಬಂದರು. ನಾವೆಲ್ಲ ಒಟ್ಟಿಗೆ ಹೇಳತೊಡಗಿದೆವು. ಅವರು ಒಬ್ಬಳ ಮಾತು ಕೇಳಿದರು, ಇನ್ನೊಬ್ಬಳ ಕೈಯಿಂದ ಎರಡು ಬಳೆ ಇಸಿದುಕೊಂಡರು, ಝೋಕಾಲಿಯ ಹಲಗೆಯ ಮೇಲೇ ಇಟ್ಟರು.

"ಸಾಹೇಬ್ರ, ಇದು ಸೋಮವಾರ. ಇದು ಏಕಾದಶಿ. ಎರಡೂ ಹಿಡಿದವರು ಈ ನಡುವ ಅದಾರ. ಅವರಿಗೆ ನೀವು ಎರಡೆರಡು ಪಾಲು ಕೊಟ್ಟೀರಿ. ಭಕ್ರಿ ಪಂಕ್ತಿಯವರ ಹಿಟ್ಟು ಅಷ್ಟ ಕಡಿಮಿ ಬಿತ್ತು."

ವಕೀಲರು ತಲೆ ಬಾಗಿಸಿ ಬಳೆ ನೋಡಿದರು. ತಕ್ಷಣ ತಿಳಿಯಿತು ಅವರಿಗೆ. ತಿಳಿದದ್ದಕ್ಕೇ ಅವರು ಕೇಳಿದ ಪ್ರಶ್ನೆ ಹರಿತವಾಗಿತ್ತು. "ನಡುವ ಒಂಬತ್ತು ಮಂದಿ ಇದ್ರ ಸರಿ ಹೋಗ್ತದ. ನಾಲ್ಕ ಮಂದಿ ಇದ್ರ? ಐದು ಹೊಟ್ಟಿ ಹೊರಗಿನ್ವು. ಎಷ್ಟು ಮಂದಿ ಅದಾರ, ನಿಮಗೆ ಗೊತ್ತದ ಏನು?"

"ಇಲ್ಲರಿ" ಎಂದರು ಅಕ್ಕೋರು. "ಕೇಳಬೇಕು."

"ಕೇಳ್ರಿ ಮತ್ತ."

ಅಕ್ಕೋರು ತಿರುಗಿ, ಎರಡೂ ಉಪವಾಸ ಹಿಡಿದವರು ಕೈ ಎತ್ರಿ ಎಂದರು. ಕಾಕು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಗಳು ಎದ್ದವು, ಇನ್ನೂ ಎದ್ದವು. ವಕೀಲರು ಬೆರಳು ತೋರಿಸಿ ಎಣಿಸಿದರು. ಹದಿನಾರು.

"ಸೋಮವಾರ ಹಿಡಿಯೂ ಹುಡುಗ್ಯಾರ ಹದಿನಾಲ್ಕು. ಅದರಾಗ ಏಕಾದಶೀನೂ ಹಿಡಿದವರು ಹದಿನಾರು!" ಅವರು ನಕ್ಕರು. "ಅಕ್ಕೋರ, ನಿಮ್ಮ ಬಳಿ ಒಡೀತು. ಇವರೆಲ್ಲಾ ಆಕೀ ಕೈಯಾಗ ಉಂಡವರು. ಇಂಥಾ ಸಾಕ್ಷಿ ಯಾವ ಕೋರ್ಟಿನಾಗೂ ನಡಿಯೂದಿಲ್ಲ."

ಅಕ್ಕೋರ ಮುಖ ಕೆಂಪಾದದ್ದು ನಾನು ಕಂಡದ್ದು ಅದೊಂದೇ ಸಲ. ಅವರು ನಮಗೆ ಏನೂ ಅನ್ನಲಿಲ್ಲ. ಬಳೆ ಹಿಂದಕ್ಕೆ ಕೊಟ್ಟು ಕೋಣೆಗೆ ಹೋದರು.

ಮಂಗಳವಾರ ಎರಡನೆಯ ಸಲ ಬಡಿಸಿಕೊಳ್ಳಲು ಎಲ್ಲರಿಗೂ ಸಂಕೋಚ. ಕಾಕು ಸಾರಿನ ಪಾತ್ರೆ ಹಿಡಿದು ಬಂದರೆ ಬೇಡ ಬೇಡ ಅನ್ನುವುದು, ಅವರು ಅದನ್ನು ತಮ್ಮ ಮೇಲಿನ ಅನುಮಾನವೆಂದು ತಿಳಿದುಕೊಂಡು ಕಣ್ಣು ತಗ್ಗಿಸಿ ಮುಂದೆ ಹೋಗುವುದು. ಸಂಜೆ ಅವರು ತಮ್ಮ ಎರಡು ಸೀರೆ, ಒಂದು ಕಂಬಳಿ ಗಂಟು ಕಟ್ಟಿ ಮೂಲೆಗೆ ಇಟ್ಟದ್ದನ್ನು ನೀರು ಕುಡಿಯಲು ಹೋದ ಹುಡುಗಿಯೊಬ್ಬಳು ನೋಡಿ ಬಂದು ಹೇಳಿದಳು.

ಬುಧವಾರ ಶಾಲೆ ಬಿಟ್ಟು ಬಂದಾಗ ದೇವರ ಕೋಣೆಯ ನೆಲದ ಮೇಲೆ ದೊಡ್ಡ ರಂಗೋಲಿ. ಹೂವಿಲ್ಲ, ಎಳೆಯಿಲ್ಲ, ಎರಡು ವರ್ತುಳ ಅಷ್ಟೇ, ಒಂದರೊಳಗೆ ಒಂದು ಅರ್ಧ ನುಗ್ಗಿಕೊಂಡು. ವಕೀಲ ಸಾಹೇಬರನ್ನೂ ಕರೆಸಿದ್ದರು. ಅಕ್ಕೋರು ನಮ್ಮನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಹುಣಸೆ ಬೀಜ ಇಟ್ಟರು.

"ಮೊನ್ನೆ ಕಾಕೂನ್ನ ಉಳಸಬೇಕು ಅಂತ ಸುಳ್ಳು ಹೇಳಿದ್ರಿ. ಆ ಸುಳ್ಳಿನಿಂದನ ಅವರು ಹೋಗ್ತಾರ, ತಿಳೀತಿಲ್ಲೋ? ಈಗ ಒಬ್ಬೊಬ್ಬರ ಒಳಗ ಹೋಗ್ರಿ, ಬಾಗಲಾ ಮುಂದ ಮಾಡ್ಕೋರಿ. ಬರೇ ಸೋಮವಾರದವರು ಎಡಕ್ಕ, ಬರೇ ಏಕಾದಶಿಯವರು ಬಲಕ್ಕ, ಎರಡೂ ಹಿಡಿದವರು ನಡುವ. ಯಾವದೂ ಇಲ್ಲದವರು ಹೊರಗ. ಯಾರೂ ನೋಡೂದಿಲ್ಲ. ನಾನೂ ನೋಡೂದಿಲ್ಲ."

"ತಿಳೀಲಿಲ್ಲ ಅಂದ್ರರಿ?" ಎಂದು ಯಾರೋ ಕೇಳಿದರು.

"ಖರೇ ಎಲ್ಲಿ ಅದ ಅನಸ್ತದ, ಅಲ್ಲೇ ಇಡ್ರಿ."

ಅವರು ಆ ಕೋಣೆಗೆ ಬೆನ್ನು ಮಾಡಿ ಹೊಸ್ತಿಲಾಚೆ ಮಣೆ ಹಾಕಿ ಕೂತು, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸತೊಡಗಿದರು. ಒಬ್ಬಳು ಹೋಗಿ ಬಂದಳು, ಮತ್ತೊಬ್ಬಳು. ನನ್ನ ಸರದಿ ಬಂದಾಗ ಒಳಗೆ ಎಣ್ಣೆ ದೀಪದ ವಾಸನೆ, ಕೃಷ್ಣನ ಪಟ, ನೆಲದ ಮೇಲೆ ಕಪ್ಪಗೆ ಮಿಂಚುವ ಬೀಜಗಳು. ನಾನು ಎರಡೂ ಹಿಡಿದವಳು. ನಡುವೆ ಇಟ್ಟೆ. ಕೋಣೆಯಲ್ಲಿ ಒಬ್ಬಳೇ ಇದ್ದೆ. ನನಗೆ ಬೇಕೆಂದ ಕಡೆ ಇಡಬಹುದಾಗಿತ್ತು. ಆದರೂ ಆ ಹೊತ್ತಿಗೆ ಬೇರೆ ಕಡೆ ಇಡಲು ಕೈ ಬರುತ್ತಿರಲಿಲ್ಲ. ಹಾಗೆ ನಂಬಿ ಬೆನ್ನು ಮಾಡಿ ಕೂತವರಿಗೆ ಸುಳ್ಳು ಹೇಳುವುದು ಬಹಳ ಕಷ್ಟ.

ಎಲ್ಲರೂ ಮುಗಿಸಿದ ಮೇಲೆ ಬಾಗಿಲು ತೆರೆದರು. ವಕೀಲರು ಕನ್ನಡಕ ಹಾಕಿಕೊಂಡು ಬಗ್ಗಿದರು, ನಾವು ಕಿಟಕಿ, ಬಾಗಿಲು, ಸಿಕ್ಕ ಸಂದಿಯಿಂದ ಇಣುಕಿದೆವು. ನಡುವೆ ಎಂಟು ಬೀಜ. ಬರೇ ಏಕಾದಶಿಯಲ್ಲಿ ಒಂಬತ್ತು. ಹೊರಗೆ ಹದಿನೇಳು. ಬರೇ ಸೋಮವಾರದಲ್ಲಿ ಐದು.

"ಮೂವತ್ತೊಂಬತ್ತು" ಎಂದರು ವಕೀಲರು. "ಒಂದು ಕಡಿಮಿ."

"ಇಲ್ಲೊಂದು ಅದರೀ" ಎಂದರು ಅಕ್ಕೋರು.

ಸೋಮವಾರದ ವರ್ತುಳದ ಹೊರ ಅಂಚಿನಲ್ಲಿ, ರಂಗೋಲಿಯ ಬಿಳಿ ಗೆರೆಯ ಮೇಲೆ ಸರಿಯಾಗಿ ಒಂದು ಬೀಜ ಕೂತಿತ್ತು. ಜಾರಿ ಬಿದ್ದದ್ದಲ್ಲ. ಗೆರೆ ಕೆಡದಂತೆ ನಾಜೂಕಾಗಿ ಇಟ್ಟದ್ದು.

"ಇದು ಒಳಗೋ, ಹೊರಗೋ?" ಎಂದರು ವಕೀಲರು.

ಅಕ್ಕೋರು ಮಂಡಿಯೂರಿ ಅದನ್ನೇ ನೋಡುತ್ತ ಕೂತರು. ಆಮೇಲೆ ಅವರ ಮುಖ ಮೆಲ್ಲಗೆ ಅರಳಿತು. "ಒಳಗೂ ಹೌದ್ರಿ, ಹೊರಗೂ ಹೌದು. ಈಕಿ ಸೋಮವಾರ ಹಿಡದು ಖಿಚಡಿ ತಿಂದಾಳ. ಮತ್ತ ಹೋಗಿ ಭಕ್ರಿ ಪಂಕ್ತಿಯಾಗೂ ಕೂತಾಳ."

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ಅಕ್ಕೋರು ಅತ್ತ ನೋಡಲಿಲ್ಲ. "ಸೋಮವಾರದವರು ಎಂಟು, ಐದು, ಈಕಿ ಒಬ್ಬಾಕಿ, ಹದಿನಾಲ್ಕು ಆತು. ಏಕಾದಶಿಯವರು ಎಂಟು ಮತ್ತ ಒಂಬತ್ತು, ಹದಿನೇಳು ಆತು. ಭಕ್ರಿಗೆ ಕೂತವರು ಹೊರಗಿನ ಹದಿನೇಳು, ಜೋಡಿಗೆ ಈಕಿ. ಹದಿನೆಂಟು ಪತ್ರಾವಳಿ. ಕಾಕು ಹೇಳಿದ್ದೂ ಹದಿನೆಂಟು. ಹೊರಗಿನ ಹೊಟ್ಟಿ ಒಂದೂ ಇಲ್ಲರಿ."

ವಕೀಲರು ಬೆರಳಿನಲ್ಲಿ ಮತ್ತೊಮ್ಮೆ ಕೂಡಿಸಿದರು. ಇನ್ನೂ ಒಂದು ಉಳಿದಿತ್ತು ಅವರ ಹತ್ತಿರ. "ಖಿಚಡಿ ತಿಂದವರು ಹಂಗಾರ ಇಪ್ಪತ್ತಮೂರ. ಉಳಿದ ಎಂಟು ಪಾಲು?"

ಇದಕ್ಕೆ ಬೀಜ ಬೇಕಾಗಲಿಲ್ಲ. "ನಾ ಮೂರು ಸಲ ಹಾಕಿಸಿಕೊಂಡೀನ್ರಿ." "ನಾನೂರಿ." "ಈಕಿ ತಳಾ ಕೆರಕೊಂಡು ತಿಂದಾಳ್ರಿ!"

"ಇದಕ್ಕ ನೀವು ಉಪವಾಸ ಅಂತೀರಿ?" ಎಂದರು ವಕೀಲರು. ಅವರಿಗೂ ನಗು ಬಂದಿತ್ತು, ಮೀಸೆಯಲ್ಲಿ ಅಡಗಿಸಿದರು. ಆಮೇಲೆ ಗೆರೆಯ ಮೇಲಿನ ಬೀಜದ ಕಡೆ ಬೆರಳು ಮಾಡಿ, "ಯಾವಾಕಿ ಇದು?" ಎಂದರು.

ಅಕ್ಕೋರು ಅಂಗೈಯಿಂದ ಆ ಗೆರೆಯನ್ನು ಒರೆಸಿಬಿಟ್ಟರು. ಬೀಜಗಳನ್ನೆಲ್ಲ ಎರಡೂ ಕೈಯಿಂದ ಬಳಿದು ಉಡಿಯಲ್ಲಿ ತುಂಬಿಕೊಂಡರು. "ಯಾವಾಕಿ ಅನ್ನೂದು ಈ ಲೆಕ್ಕಕ್ಕ ಬೇಕಾಗಿಲ್ಲರಿ ಸಾಹೇಬ್ರ. ಖರೇ ಹೇಳ್ಯಾಳ. ಅಷ್ಟ ಸಾಕು."

ವಕೀಲರು ಕನ್ನಡಕ ತೆಗೆದು ಮಡಚಿದರು. ಹೊಸ ಅಡಿಗೆಯವಳಿಗೆ ಬರಬೇಡ ಎಂದು ಹೇಳಿಕಳಿಸಿದರು. ಹೋಗುವ ಮೊದಲು ಅಡಿಗೆಮನೆಯ ಹೊಸ್ತಿಲ ತನಕ ಹೋದರು. ಎಂದೂ ಅಷ್ಟು ದೂರ ಹೋದವರಲ್ಲ. ಒಳಗೆ ಒಲೆಯ ಮುಂದೆ ಕಾಕು ಬೆನ್ನು ತಿರುಗಿಸಿ ನಿಂತಿದ್ದರು.

"ಕಾಕು, ನಾಳಿಗೆ ಹಿಟ್ಟು ಎಷ್ಟು ಬೇಕು, ನೀವ ಹೇಳ್ರಿ. ಅಷ್ಟು ಅಳದು ಕೊಡ್ತೀನಿ."

ಒಳಗಿನಿಂದ ಮಾತು ಬಂತು. "ಎಂದಿನಷ್ಟ ಸಾಕ್ರಿ."

ಕಾಕು ಮುಂದೆ ಮೊಣಕಾಲು ಕೈಕೊಡುವ ತನಕ ಅಲ್ಲೇ ಇದ್ದರು, ಆಮೇಲೆ ತಮ್ಮನ ಮನೆ ಸೇರಿದರು. ನಾನು ಮ್ಯಾಟ್ರಿಕ್ ಮುಗಿಸಿ, ಮದುವೆಯಾಗಿ ಪುಣೆಯಲ್ಲೇ ಉಳಿದೆ. ಯುದ್ಧದ ದಿನಗಳಲ್ಲಿ ರೇಷನ್ನು ಬಂದಾಗ ನಮ್ಮ ಓಣಿಯ ಮನೆಮನೆಗೆ ಹೋಗಿ, ಯಾರಿಗೆ ಗೋದಿ ಬೇಕು, ಯಾರಿಗೆ ಜೋಳ, ಯಾರಿಗೆ ಎರಡೂ ಎಂದು ಕೇಳಿ ಬರೆದು ಕೊಡುವ ಕೆಲಸ ಕೆಲವು ತಿಂಗಳು ಮಾಡಿದೆ. ಜೊತೆಗಿದ್ದ ಹೆಂಗಸರು ಬಾಗಿಲಲ್ಲೇ ನಿಂತು ನೆರೆಯವರೆದುರು ಕೇಳುತ್ತಿದ್ದರು. ಜನ ಬೇರೆ ಏನೋ ಹೇಳುತ್ತಿದ್ದರು. ನಾನು ಒಳಗೆ ಹೋಗಿ ನೀರು ಕೇಳಿ ಕುಡಿದು, ಆಮೇಲೆ ಕೇಳುತ್ತಿದ್ದೆ. ನನ್ನ ಪಟ್ಟಿಯಲ್ಲಿ ತಪ್ಪು ಕಡಿಮೆ ಎಂದು ಮೇಲಿನವರು ಮೆಚ್ಚಿದರು. ಅದು ನನ್ನ ಜಾಣತನವಲ್ಲ.

ಅಕ್ಕೋರು ನಿವೃತ್ತರಾಗಿ ಶನಿವಾರ ಪೇಟೆಯ ಒಂದು ಖೋಲಿಯಲ್ಲಿದ್ದರು. ಎದೆಯ ಬೇನೆ. ಅವರಿಗೆ ಚಹಾ ಮಾಡಲು ಬಿಡದೆ ನಾನೇ ಮಾಡುತ್ತಿದ್ದೆ. ಒಂದು ದಿನ ತಡೆಯಲಾಗದೆ ಕೇಳಿದೆ, "ಅಕ್ಕೋರ, ಆ ಗೆರಿ ಮ್ಯಾಲಿನ ಬೀಜ ಯಾರದು ಅಂತ ನಿಮಗ ಗೊತ್ತಿತ್ತೇನ್ರಿ?"

"ಇಲ್ಲವಾ. ತಿಳಕೋಬಾರದು ಅಂತನ ಬೆನ್ನ ಮಾಡಿ ಕೂತಿದ್ದೆ. ತಿಳದಿದ್ರ ಮರುದಿನ ಆ ಹುಡುಗಿ ಮಾರಿ ನೋಡಿ ಲೆಕ್ಕಾ ಕಲಸ್ಲಿಕ್ಕೆ ನನಗ ಆಗ್ತಿರಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು, "ಆಕೀಗೆ ಹಸಿವಿ ಆಗಿತ್ತು, ಅಷ್ಟ. ಬೆಳಿಯೂ ಹುಡುಗಿ" ಎಂದರು.

ದೇಶ ಸ್ವತಂತ್ರವಾಗುವ ಹಿಂದಿನ ಚಳಿಗಾಲದಲ್ಲಿ ಅವರು ಹೋದರು. ಬೆಳಗಿನ ಹಾಲಿನವನು ಬಾಗಿಲು ಬಡಿದಾಗ ಎದ್ದಿರಲಿಲ್ಲ. ಮಕ್ಕಳಿಲ್ಲದವರು, ಆದರೂ ಓಂಕಾರೇಶ್ವರದ ಸ್ಮಶಾನ ಘಾಟಿನಲ್ಲಿ ಹೆಂಗಸರೇ ಅಷ್ಟು ಮಂದಿ ಬಂದದ್ದನ್ನು ನೋಡಿ ಭಟ್ಟರು ಬೆರಗಾದರಂತೆ.

ಸುದ್ದಿ ಹೇಳಲು ನಾನೇ ಕಸಬಾ ಪೇಟೆಗೆ ಹೋದೆ. ಕಾಕು ತಮ್ಮನ ಖೋಲಿಯ ಬಾಗಿಲ ಬಳಿ ಕಾಲು ಚಾಚಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಕೇಳಿದ ಮೇಲೂ ಅವರ ಕೈ ಸ್ವಲ್ಪ ಹೊತ್ತು ಎಲೆ ಬಿಡಿಸುತ್ತಲೇ ಇತ್ತು. ಆಮೇಲೆ ನಿಂತಿತು.

"ಆ ಸೋಮವಾರ ಸಂಜಿಯಿಂದ ಬುಧವಾರತನಕ ಎಲ್ಲಾರೂ ನನ್ನ ಕೇಳಿದ್ರವಾ" ಎಂದರು. "ಸಾಹೇಬ್ರು ಕೇಳಿದ್ರು, ಎದುರು ಮನಿ ಬಾಯಿ ಕೇಳಿದ್ಲು, ನನ್ನ ತಮ್ಮನೂ ಬಂದು ಕೇಳಿದ. ಕೊಟ್ಟೀಯೇನು, ಒಯ್ದೀಯೇನು ಅಂತ. ನಿಮ್ಮಾಗೂ ಒಬ್ಬಿಬ್ಬರು ನೀರಿನ ನೆವಾ ಮಾಡಿ ಬಂದು ಕೇಳಿದ್ರು."

ಸೆರಗಿನಿಂದ ಮೂಗು ಒರೆಸಿಕೊಂಡರು.

"ಅಕ್ಕೋರೊಬ್ಬರು ಮಾತ್ರ ಕೇಳಲಿಲ್ಲ ನೋಡು."